ಹಳೆ ಸೀರೆಯಲ್ಲಿ ಎರೆಹೊಲ: ಕೌದಿ ಹೊಲಿಯಲು ಕಲಿಯುವವರಿಗೆ

ಮಾನವಮಿಗೆ ಮುಂಚೆ ಮನೆ ತೊಳೆಯುವಾಗ ಟ್ರಂಕಿನ ತಳದಿಂದ ಹಳೆ ಸೀರೆಗಳು ಹೊರಬರುತ್ತವೆ. ಉಡಲು ಬರುವುದಿಲ್ಲ, ಎಸೆಯಲು ಮನಸ್ಸಾಗುವುದಿಲ್ಲ. ಕೆಲವು ಸ್ಟೀಲ್ ಪಾತ್ರೆಯವಳ ಗಂಟು ಸೇರುತ್ತವೆ, ಕೆಲವು ಒಲೆಯ ಮುಂದೆ ಮಸಿಅರಿವೆಯಾಗುತ್ತವೆ, ಉಳಿದವು ಮತ್ತೆ ಟ್ರಂಕಿಗೆ ಹೋಗುತ್ತವೆ. ಹೊಂಬಳ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ಸೀಮೆಯ ಯಾವ ಊರಿಗೆ ಹೋದರೂ ಇದಕ್ಕೆ ಹಳೆಯ ಉತ್ತರವೊಂದಿದೆ. ಅದು ಕೌದಿ. ಆದರೆ ಈಗ ಹೊಸದಾಗಿ ಕೌದಿ ಹೊಲಿಯಲು ಕೂತವರಲ್ಲಿ ಬಹಳ ಮಂದಿ ಒಂದೇ ದೂರು ಹೇಳುತ್ತಾರೆ: ಹೊಲಿದಾಗ ಚೆನ್ನಾಗಿತ್ತು, ಒಂದು ಒಗೆತಕ್ಕೆ ಮುದುಡಿತು, ಕೆಂಪು ಬಣ್ಣ ಬಿಳಿಗೆ ಹತ್ತಿತು, ಆರು ತಿಂಗಳಲ್ಲಿ ನಡುವೆ ಹರಿಯಿತು.

ತಪ್ಪು ಕೈಯದಲ್ಲ. ಹೊಲಿಗೆ ಚೆನ್ನಾಗಿದ್ದರೂ ಬಟ್ಟೆ ಆರಿಸುವಾಗ ಎಡವಿರುತ್ತಾರೆ. ಬಣ್ಣ ನೋಡಿ ಚೂರುಗಳನ್ನು ಆರಿಸುತ್ತೇವೆ, ಎಳೆ ಯಾವುದು, ಎಷ್ಟು ಸವೆದಿದೆ ಎಂದು ನೋಡುವುದಿಲ್ಲ. ಕೌದಿಯಲ್ಲಿ ಮೊದಲು ಎಳೆ, ಆಮೇಲೆ ಬಣ್ಣ, ಕೊನೆಗೆ ಚಿತ್ರ. ಈ ಲೇಖನದ ಎಲ್ಲ ಸೂಚನೆಗಳೂ ಆ ಮಾತಿನ ಸುತ್ತಲೇ ಇವೆ.

ಕೌದಿಗೆ ದೊಡ್ಡ ಬಳಗವಿದೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದೇ ಜಾತಿಯವು. ನಮ್ಮದೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಗಳು ಇಂದು ಹೊರದೇಶಗಳಲ್ಲೂ ಕಲಾಕೃತಿಗಳಾಗಿ ಗೋಡೆಯ ಮೇಲೆ ನಿಂತಿವೆ. ನಮ್ಮ ಬಯಲುಸೀಮೆಯ ಕೌದಿಗೆ ಆ ಹೆಸರು ಬಂದಿಲ್ಲ. ಮನೆಯ ಮುದುಕಿಯರು ಅದನ್ನು ಬಿಡುವಿನಲ್ಲಿ ಹೊಲಿದರು, ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಮನೆಮನೆಗೆ ಬಂದು ಕೂಲಿಗೆ ಹೊಲಿದುಕೊಟ್ಟರು. ಅವರನ್ನು ಕಲಾವಿದರೆಂದು ಕರೆಯುವುದಕ್ಕೆ ನಮಗೆ ತಡವಾಗಿದೆ.

ಹಳೆ ಬಟ್ಟೆ ಗಟ್ಟಿಯಾಗುವುದು ಹೇಗೆ

ಬಹಳ ದಿನ ಉಟ್ಟ ಸೀರೆಯ ಒಂದೇ ಪದರನ್ನು ಎಳೆದರೆ ಎಳೆತವೆಲ್ಲ ಸವೆದ ಜಾಗಕ್ಕೆ ಬಿದ್ದು ಅದು ಹರಿಯುತ್ತದೆ. ಮೂರ್ನಾಲ್ಕು ಪದರ ಸೇರಿಸಿ ಬೆರಳಗಲಕ್ಕೊಂದು ಸಾಲು ಹೊಲಿದಾಗ ಆ ಎಳೆತ ಎಲ್ಲ ಪದರಗಳಿಗೂ ಹಂಚಿಹೋಗುತ್ತದೆ. ಒಂದು ಪದರದ ಸವೆದ ಜಾಗದ ಕೆಳಗೆ ಇನ್ನೊಂದರ ಗಟ್ಟಿ ಜಾಗ ಬಂದಿರುತ್ತದೆ. ಎಲ್ಲೋ ಹರಿದರೂ ಆ ಸೀಳು ಮುಂದಿನ ಹೊಲಿಗೆ ಸಾಲಿಗೆ ಬಂದು ನಿಲ್ಲುತ್ತದೆ. ಕೌದಿಯ ಹೊಲಿಗೆ ಅಂಚಿನಿಂದ ಅಂಚಿನವರೆಗೆ ಒತ್ತಾಗಿರುವುದು ಅದಕ್ಕೇ, ಅಂದಕ್ಕಷ್ಟೇ ಅಲ್ಲ.

ಬೆಚ್ಚಗಾಗುವುದಕ್ಕೂ ಪದರಗಳೇ ಕಾರಣ. ಪದರಗಳ ನಡುವೆ ಸಿಕ್ಕಿದ ಗಾಳಿ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ, ಹತ್ತಿ ಎಳೆ ಬೆವರನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಡಿಸೆಂಬರಿನ ಚಳಿಗೂ ಅದೇ ಕೌದಿ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಲೂ ಅದೇ.

ಇನ್ನು ಹಳೆ ಹತ್ತಿ ಬಟ್ಟೆಗೆ ಹೊಸದಕ್ಕಿಲ್ಲದ ಗುಣವೊಂದಿದೆ. ಹತ್ತಾರು ಸಲ ಒಗೆದು ಅದು ಕುಗ್ಗುವಷ್ಟು ಕುಗ್ಗಿರುತ್ತದೆ, ಗಂಜಿ ಹೋಗಿ ಮೆತ್ತಗಾಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಹಳೆ ಪದರಗಳ ನಡುವೆ ಒಂದೇ ಒಂದು ಹೊಸ ಬಟ್ಟೆಯ ಚೂರು ಸೇರಿಸಿದರೂ ಒಗೆದ ಮೇಲೆ ಅದೊಂದೇ ಕುಗ್ಗಿ ಸುತ್ತಲಿನದನ್ನೆಲ್ಲ ಎಳೆದುಕೊಳ್ಳುತ್ತದೆ. ಮುದುಡಿದ ಕೌದಿಗಳ ಗುಟ್ಟು ಬಹುಪಾಲು ಇಷ್ಟೇ.

ಬಟ್ಟೆ ಆರಿಸುವುದು

ಇದಕ್ಕೆ ಒಂದಿಡೀ ಮಧ್ಯಾಹ್ನ ಕೊಡಿ. ಹೊಲಿಗೆಯಲ್ಲಿ ಉಳಿಸಬಹುದಾದ ಸಮಯವನ್ನು ಉಳಿಸಿ, ಇಲ್ಲಿ ಮಾತ್ರ ಬೇಡ.

1. ಬೆಳಕಿಗೆ ಹಿಡಿಯಿರಿ. ಸೀರೆಯನ್ನು ಕಿಟಕಿಯ ಮುಂದೆ ಬಿಡಿಸಿ ಹಿಡಿದರೆ ತೆಳುವಾದ ಜಾಗಗಳು ತಾವೇ ಕಾಣುತ್ತವೆ. ಸಾಮಾನ್ಯವಾಗಿ ಕೂರುವ ಜಾಗ, ನೆಲಕ್ಕೆ ತಾಗುವ ಕೆಳದಡಿ, ಸೊಂಟಕ್ಕೆ ಸಿಕ್ಕಿಸುವ ಜಾಗ ಮೊದಲು ಸವೆಯುತ್ತವೆ. ಒಳಗೆ ಮಡಿಕೆಯಾಗಿ ಉಳಿದ ಭಾಗ ಗಟ್ಟಿಯಿರುತ್ತದೆ. ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ.

2. ಎಳೆದು ನೋಡಿ. ಎರಡು ಕೈಯ ಹೆಬ್ಬೆರಳಿನಲ್ಲಿ ಒಂದು ಗೇಣು ಬಟ್ಟೆ ಹಿಡಿದು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಎಳೆಯಿರಿ. ಹಾಸಿನ ಎಳೆ ಗಟ್ಟಿಯಿದ್ದು ಹೊಕ್ಕಿನ ಎಳೆ ಕೈಕೊಡುವುದು ಹಳೆ ಸೀರೆಗಳಲ್ಲಿ ಉಂಟು. ಎರಡೂ ಕಡೆ ತಡೆದರೆ ಅಡಿಪದರಕ್ಕೆ, ಒಂದೇ ಕಡೆ ತಡೆದರೆ ನಡುಪದರಕ್ಕೆ, ಚರ್ರೆಂದು ಬಿಟ್ಟುಕೊಟ್ಟರೆ ಪಕ್ಕಕ್ಕಿಡಿ.

3. ಒಂದೆರಡು ಎಳೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಬೂದಿಯೂ ಮಣಿಯೂ ಎರಡೂ ಇದ್ದರೆ ಅದು ಬೆರಕೆ ಬಟ್ಟೆ.

4. ಸೆರಗನ್ನು ಬೇರೆಯಾಗಿ ಪರೀಕ್ಷಿಸಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆಬೇರೆ. ಕೊಂಡಿ ಹಾಕಿ ಅವನ್ನು ಜೋಡಿಸಿರುತ್ತಾರೆ. ಒಡಲು ಹತ್ತಿಯಿದ್ದು ಸೆರಗು ಕೃತಕ ರೇಷ್ಮೆಯದಾಗಿರಬಹುದು. ಕೃತಕ ರೇಷ್ಮೆ ಅಂದರೆ ರೇಯಾನ್ ಸುಟ್ಟರೆ ಹತ್ತಿಯಂತೆಯೇ ಕಾಗದದ ವಾಸನೆ ಬರುತ್ತದೆ, ಅಲ್ಲಿ ಮೋಸಹೋಗುತ್ತೇವೆ. ಎಳೆಯನ್ನು ಒದ್ದೆ ಮಾಡಿ ಎಳೆಯಿರಿ. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ, ರೇಯಾನ್ ಒದ್ದೆಯಾದಾಗ ಸುಲಭವಾಗಿ ತುಂಡಾಗುತ್ತದೆ. ಅಂಥ ಸೆರಗು ಮೇಲಿನ ಚಿತ್ರಕ್ಕೆ ಸ್ವಲ್ಪ ಬಳಸಬಹುದು, ಭಾರ ಹೊರುವ ಅಡಿಪದರಕ್ಕೆ ಬೇಡ.

5. ಬಣ್ಣ ಬಿಡುತ್ತದೋ ನೋಡಿ. ಬಿಳಿ ಧೋತರದ ಚೂರನ್ನು ಒದ್ದೆ ಮಾಡಿ ಬಟ್ಟೆಯ ಮೇಲೆ ತಿಕ್ಕಿ. ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆಯಾಗಿ ನೆನೆಸಿ ನೀರು ತಿಳಿಯಾಗುವವರೆಗೆ ಒಗೆಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಒಮ್ಮೆ ಬಣ್ಣ ಹಾಕಿ ಮುಗಿಸಿದ ಬಟ್ಟೆಗೆ ಉಪ್ಪಿನಿಂದಾಗಲಿ ಹುಳಿಯಿಂದಾಗಲಿ ಬಣ್ಣ ಕಟ್ಟುವುದಿಲ್ಲ. ಮೂರ್ನಾಲ್ಕು ಒಗೆತದ ನಂತರವೂ ಬಿಡುತ್ತಿದ್ದರೆ ಅದನ್ನು ಬಿಟ್ಟುಬಿಡಿ.

ಆರಿಸಿದ ಬಟ್ಟೆಗಳನ್ನೆಲ್ಲ ಕಾಯಿಸಿದ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಣ್ಣ ಬಿಡುವವು ಬೇರೆ ಬಕೆಟ್ಟಿನಲ್ಲಿ ಇರಲಿ. ಗುಂಡಿ, ಹುಕ್ಕು, ಚುಚ್ಚುವ ಜರಿ ತೆಗೆಯಿರಿ.

ಒಂದು ಮಾತು ಇಲ್ಲೇ ಹೇಳಬೇಕು. ಕೈಯಿಂದ ಕಸೂತಿ ಹಾಕಿದ ಸೀರೆ, ಗಜೇಂದ್ರಗಡದ ಹಳೆಯ ಪಟ್ಟೇದ ಅಂಚಿನ ಸೀರೆ, ಅಜ್ಜಿಯ ಕಾಲದ ಚಂದ್ರಕಾಳಿ ಸಿಕ್ಕರೆ ಕತ್ತರಿ ಹಾಕುವ ಮುನ್ನ ನಿಲ್ಲಿ. ಪಟ್ಟೇದ ಅಂಚು ಮರೆಯಾಗುವ ಹಂತಕ್ಕೆ ಹೋಗಿ ಮತ್ತೆ ಮಗ್ಗಕ್ಕೆ ಬಂದ ನೇಯ್ಗೆ. ಅಂಥ ಬಟ್ಟೆಗಳ ಹಳೆಯ ಮಾದರಿ ನೇಕಾರರಿಗೇ ಬೇಕಾಗಬಹುದು. ಪೂರ್ತಿ ಜೀರ್ಣವಾಗಿದ್ದರೆ ಮಾತ್ರ ಕೌದಿಗೆ ಬರಲಿ, ಅದಕ್ಕೂ ಮುಂಚೆ ಅಂಚು, ಸೆರಗುಗಳ ಫೋಟೊ ತೆಗೆದಿಡಿ. ಉಳಿಸುವ ಕೆಲಸದ ಹೆಸರಿನಲ್ಲಿ ಉಳಿಯಬೇಕಾದದ್ದನ್ನು ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ.

ಮನೆಯಲ್ಲಿ ಸಾಕಷ್ಟು ಬಟ್ಟೆ ಇಲ್ಲದಿದ್ದರೆ ಸಿಂಪಿಗರ ಅಂಗಡಿಯಲ್ಲಿ ಕೇಳಿ. ಕುಪ್ಪಸದ ಚೂರು, ಗುಳೇದಗುಡ್ಡದ ಖಣದ ತುಂಡು ಚೀಲಗಟ್ಟಲೆ ಬಿದ್ದಿರುತ್ತವೆ. ಅವು ಹೊಸ ಬಟ್ಟೆಯಾದ್ದರಿಂದ ಬಿಸಿನೀರಿನಲ್ಲಿ ಎರಡು ಸಲ ಒಗೆದೇ ಬಳಸಬೇಕು. ಬೆಟಗೇರಿಯ ನೇಕಾರರ ಓಣಿಯಲ್ಲಿ ಪರಿಚಯವಿದ್ದರೆ ಮಗ್ಗದಿಂದ ಬಟ್ಟೆ ಇಳಿಸಿದಾಗ ಉಳಿಯುವ ಹಾಸಿನ ನೂಲಿನ ತುಂಡುಗಳನ್ನು ಕೇಳಿ ತನ್ನಿ. ಗಿಡದ ಕಾಂಡ, ಎಲೆಯ ನರ, ಹಕ್ಕಿಯ ಕಾಲು ಬರೆಯಲು ಅದಕ್ಕಿಂತ ಒಳ್ಳೆಯ ದಾರ ಇಲ್ಲ.

ಚಿತ್ರ ಎಲ್ಲಿಂದ ತರುವುದು

ಮೊಬೈಲಿನಲ್ಲಿ ಹುಡುಕಿದರೆ ಪರದೇಶದ ಹೂವು, ನಕ್ಷತ್ರಗಳ ಮಾದರಿ ಸಾವಿರ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಅಂಗಡಿಯಿಂದ ಅಳತೆಗೆ ತಂದ ಹೊಸ ಬಟ್ಟೆಗೆ ಹೊಂದುವಂಥವು. ನಿಮ್ಮ ಕೈಯಲ್ಲಿರುವುದು ಉದ್ದುದ್ದ ಸೀರೆ, ನೇರ ದಡಿ, ಅಂಗೈಯಗಲದ ಖಣ. ಅವುಗಳ ಆಕಾರಕ್ಕೆ ಒಗ್ಗುವ ಚಿತ್ರಗಳು ಬಾಗಿಲ ಹೊರಗೇ ಇವೆ.

ಮೊದಲ ಕೌದಿಗೆ ನಾನು ಹೇಳುವುದು ಬಯಲಿನ ಚಿತ್ರ. ಹೊಂಬಳದ ಕಡೆಯ ಎರೆಹೊಲದ ಅಂಚಿನಲ್ಲಿ ನಿಂತರೆ ಕಾಣುವುದೆಲ್ಲ ಅಡ್ಡಪಟ್ಟಿ: ಕೆಳಗೆ ಕರಿಮಣ್ಣು, ಅದರ ಮೇಲೆ ಬೆಳೆಯ ಹಸಿರು, ಹಣ್ಣಾದ ಜೋಳದ ಹಳದಿ, ಮೇಲೆ ಆಕಾಶ. ಮುಂಡರಗಿ, ಶಿರಹಟ್ಟಿಯ ಕಡೆಯವರಾದರೆ ನಡುವೆ ಕಪ್ಪತಗುಡ್ಡದ ನೀಲಿ ಗೆರೆ. ಹತ್ತಿ ಸೀರೆ ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಅಂಚಿನಲ್ಲಿ ಸಣ್ಣ ಕಚ್ಚು ಹಾಕಿ ಎಳೆದರೆ ಅಳತೆಪಟ್ಟಿಯಿಲ್ಲದೆ ನೆಟ್ಟನೆಯ ಪಟ್ಟಿ ಸಿಗುತ್ತದೆ. ಕಲಿಯುವವರ ಕೈಗೆ ಇದಕ್ಕಿಂತ ಸುಲಭದ ಚಿತ್ರ ಇಲ್ಲ, ಕಣ್ಣಿಗೂ ಇದು ನಮ್ಮದೆನಿಸುತ್ತದೆ.

ಕೈ ಪಳಗಿದ ಮೇಲೆ ಇವನ್ನು ಸೇರಿಸಿ.

ಜೋಳದ ತೆನೆ: ಎಲೆಗೆ ಇಳಕಲ್ ಸೀರೆಯ ದಡಿಯೇ ಸಾಕು, ಉದ್ದ, ಕಿರಿದು, ಹೊರ ಅಂಚು ಗಟ್ಟಿ. ಕಾಳುಗಳನ್ನು ಬಟ್ಟೆಯಲ್ಲಿ ಕತ್ತರಿಸಲು ಹೋಗಬೇಡಿ. ತೆನೆಯಾಕಾರದ ಒಂದೇ ತುಂಡು ಇಟ್ಟು ಅದರ ಮೇಲೆ ಬಿಳಿ ದಾರದಲ್ಲಿ ಚಿಕ್ಕ ಚಿಕ್ಕ ಹೊಲಿಗೆ ಹಾಕಿ, ಕಾಳು ಮೂಡುತ್ತವೆ.

ಬೇವಿನ ಎಲೆ: ಅಂಚಿನ ಹಲ್ಲುಗಳನ್ನು ಕತ್ತರಿಸಬೇಡಿ, ಎಳೆ ಬಿಚ್ಚಿಹೋಗುತ್ತದೆ. ಕುಡುಗೋಲಿನ ಬಾಗು ಒಂದು ಬಂದರೆ ನೋಡುವವರಿಗೆ ಬೇವು ಎಂದು ತಿಳಿಯುತ್ತದೆ.

ಹತ್ತಿಯ ಹೂವು: ನಮ್ಮ ಜಯಧರ ಹತ್ತಿಯ ಹೂವು ಹಳದಿ, ಬುಡದಲ್ಲಿ ಕಡುಗೆಂಪು. ಹಳದಿ ಖಣದ ಐದು ದಳ, ನಡುವೆ ಕೆಂಪು ಚುಕ್ಕಿ. ಹತ್ತಿಯ ಬಟ್ಟೆಯ ಮೇಲೆ ಹತ್ತಿಯ ಹೂವು ಬರೆಯುವುದರಲ್ಲಿ ಒಂದು ಸಂತೋಷವಿದೆ.

ಮಾಗಡಿ ಕೆರೆಯ ಹೆಬ್ಬಾತು: ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಶಿರಹಟ್ಟಿ ಸೀಮೆಯ ಈ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಬೂದಿ ಬಣ್ಣದ ಮೈ. ಬಣ್ಣಗೆಟ್ಟ ಧೋತರ ಅದಕ್ಕೆ ಹೇಳಿ ಮಾಡಿಸಿದ ಬಟ್ಟೆ. ಹತ್ತಿರದ ಹಕ್ಕಿ ಒಂದನ್ನು ವಿವರವಾಗಿ ಹೊಲಿದು, ದೂರದವನ್ನು ಆಕಾಶದ ಪಟ್ಟಿಯಲ್ಲಿ ಬರೀ ದಾರದ ಗೀಟುಗಳಲ್ಲಿ ತೋರಿಸಿ.

ಯಾವ ಚಿತ್ರವಾದರೂ ಮೊದಲು ಹಳೆ ಪತ್ರಿಕೆಯಲ್ಲಿ ಕತ್ತರಿಸಿ ಬಟ್ಟೆಯ ಮೇಲೆ ಇಟ್ಟು ಎದ್ದುನಿಂತು ನೋಡಿ. ಕೂತಾಗ ಕಾಣದ ತಪ್ಪು ನಿಂತಾಗ ಕಾಣುತ್ತದೆ.

ಬೇಕಾಗುವ ಸಾಮಾನು ಮತ್ತು ಲೆಕ್ಕ

ಉದ್ದನೆಯ ಕೈಹೊಲಿಗೆ ಸೂಜಿ, ದಪ್ಪ ಹತ್ತಿ ದಾರ, ಹರಿತ ಕತ್ತರಿ, ಗುಂಡುಪಿನ್ನು, ಬೆರಳ ತುದಿಗೆ ಹಾಕುವ ಲೋಹದ ಟೊಪ್ಪಿಗೆ, ಸ್ವಲ್ಪ ಜೇನುಮೇಣ. ಚೀಲ ಹೊಲಿಯುವ ದಬ್ಬಣ ಬೇಡ, ಅದು ಸವೆದ ಬಟ್ಟೆಯಲ್ಲಿ ಮುಚ್ಚದ ತೂತು ಮಾಡುತ್ತದೆ. ನೈಲಾನ್, ಪಾಲಿಯೆಸ್ಟರ್ ದಾರವೂ ಬೇಡ: ಬಟ್ಟೆಗಿಂತ ದಾರ ಗಟ್ಟಿಯಾದರೆ ಎಳೆತ ಬಿದ್ದಾಗ ಹರಿಯುವುದು ಬಟ್ಟೆ. ದಾರ ಹರಿದರೆ ಮತ್ತೆ ಹೊಲಿಯಬಹುದು.

ಮೊದಲ ಸಲಕ್ಕೆ 90 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲದ ಕೌದಿ ಸಾಕು. ಕೂಸಿಗೆ ಹಾಸಬಹುದು, ಗೋಡೆಗೂ ಹಾಕಬಹುದು. ಸಾಲಿನಿಂದ ಸಾಲಿಗೆ 2 ಸೆಂ.ಮೀ. ಅಂತರ ಇಟ್ಟರೆ ಇದಕ್ಕೆ ಸುಮಾರು 40 ಮೀಟರ್ ಉದ್ದದ ಹೊಲಿಗೆ ಬೀಳುತ್ತದೆ. ಎರಡೆಳೆ ದಾರದಲ್ಲಿ ಹೊಲಿದರೆ 100 ಮೀಟರಿಗೂ ಮಿಕ್ಕಿ ದಾರ ಬೇಕು. ಒಬ್ಬರು ಹೊದೆಯುವ 1.4 ಮೀಟರ್ ಅಗಲ, 2 ಮೀಟರ್ ಉದ್ದದ ಕೌದಿಗೆ ಹೊಲಿಗೆಯೇ 140 ಮೀಟರ್. ನಾಲ್ಕು ಪದರಕ್ಕೆ 11 ಚದರ ಮೀಟರಿಗಿಂತ ಹೆಚ್ಚು ಬಟ್ಟೆ ಹಿಡಿಯುತ್ತದೆ. ಒಂದು ಸೀರೆ ಸುಮಾರು 6 ಚದರ ಮೀಟರ್ ಬಂದರೂ ಸವೆದದ್ದನ್ನು ಕಳೆದರೆ ಮೂರು ಸೀರೆ ಬೇಕೆಂದೇ ಇಟ್ಟುಕೊಳ್ಳಿ.

ಹೊಲಿಯುವ ಕ್ರಮ

1. ಅಡಿಪದರಕ್ಕೆ 1 ಮೀಟರ್ ಚೌಕದ ಗಟ್ಟಿ ಬಟ್ಟೆ ಕತ್ತರಿಸಿ. ಸೀರೆಯ ಅಗಲದೊಳಗೇ ಸಿಗುವುದರಿಂದ ಜೋಡಣೆ ಬೇಕಿಲ್ಲ. ನಡುಪದರಕ್ಕೆ 94 ಸೆಂ.ಮೀ. ಚೌಕದ ಎರಡು ತುಂಡು. ಇವು ಚೂರುಗಳನ್ನು ಜೋಡಿಸಿದ್ದಾದರೂ ನಡೆಯುತ್ತದೆ. ಒತ್ತಾಗಿ ಹೊಲಿದಾಗ ಬಟ್ಟೆ ಸ್ವಲ್ಪ ಒಳಗೆ ಸೇದಿಕೊಳ್ಳುವುದರಿಂದ ಈ ನಾಲ್ಕು ಸೆಂಟಿಮೀಟರ್ ಹೆಚ್ಚಿಗೆ.

2. ಗುಡಿಸಿದ ನೆಲದ ಮೇಲೆ ಅಡಿಪದರವನ್ನು ಒಳಮೈ ಮೇಲಾಗಿ ಹಾಸಿ, ನಾಲ್ಕು ಮೂಲೆಗೆ ಭಾರ ಇಡಿ. ಸುಕ್ಕು ಹೋದರೆ ಸಾಕು, ಜಗ್ಗಬೇಡಿ. ಜಗ್ಗಿ ಹಾಸಿದ ಬಟ್ಟೆ ಭಾರ ತೆಗೆದೊಡನೆ ಹಿಂದಕ್ಕೆ ಹೋಗಿ ಮೇಲಿನ ಪದರ ಉಬ್ಬುತ್ತದೆ.

3. ನಡುಪದರಗಳನ್ನು ಒಂದರ ಮೇಲೊಂದು ಹಾಸಿ. ಒಂದರ ತೆಳು ಜಾಗ ಇನ್ನೊಂದರ ತೆಳು ಜಾಗದ ಮೇಲೆ ಬರದಂತೆ ತಿರುಗಿಸಿ ಇಡಿ. ಎಳೆಗಳ ದಿಕ್ಕು ಮಾತ್ರ ಅಂಚಿಗೆ ನೇರವಾಗಿಯೇ ಇರಲಿ. ಓರೆಯಾದ ಬಟ್ಟೆ ರಬ್ಬರಿನ ಹಾಗೆ ಹಿಗ್ಗುತ್ತದೆ.

4. ಅಡಿಪದರದ ಹೊರಗುಳಿದ 3 ಸೆಂ.ಮೀ. ಅಂಚನ್ನು ನಾಲ್ಕೂ ಕಡೆಯಿಂದ ಮೇಲೆ ಮಡಚಿ ಪಿನ್ನು ಹಾಕಿ.

5. ಈಗ ಮೇಲಿನ ಚಿತ್ರ. ಕೆಳಗಿನ ಕರಿಮಣ್ಣಿನ ಪಟ್ಟಿಯಿಂದ ಶುರುಮಾಡಿ. ಮುಂದಿನ ಪಟ್ಟಿಯ ಅಂಚನ್ನು 1 ಸೆಂ.ಮೀ. ಒಳಮಡಚಿ, ಹಿಂದಿನದರ ಮೇಲೆ 2 ಸೆಂ.ಮೀ. ಏರುವಂತೆ ಇಡಿ. ಹೀಗೆ ಆಕಾಶದವರೆಗೆ. ಹೊರತುದಿಗಳನ್ನೂ ಒಳಮಡಚಿ ಅಡಿಪದರದ ಮಡಿಕೆಯ ಮೇಲೆ ಸರಿಯಾಗಿ ಕೂರಿಸಿ. ತೆನೆ, ಎಲೆ, ಹಕ್ಕಿ ಇದ್ದರೆ ಅವುಗಳ ಅಂಚನ್ನು ಮಡಚಿ ಹೆಮ್ಮಿಂಗ್ ಮಾಡಿ. ಬಾಗಿದ ಅಂಚು ಮಡಚಲು ಹಟ ಮಾಡಿದರೆ ಅಲ್ಲಲ್ಲಿ ಚಿಕ್ಕ ಕಚ್ಚು ಹಾಕಿ. ನಟ್ಟನಡುವಿನ ಅಂಗೈಯಗಲದ ಜಾಗಕ್ಕೆ ಮಾತ್ರ ಏನನ್ನೂ ಹೊಲಿಯಬೇಡಿ. ಕಾರಣ ಮುಂದೆ ಇದೆ.

6. ಕಚ್ಚಾ ಹೊಲಿಗೆ ಹಾಕಿ. ನಡುವಿನಿಂದ ಹೊರಟು ನಾಲ್ಕು ಮೂಲೆಗೆ, ನಾಲ್ಕು ಅಂಚಿಗೆ, ಆಮೇಲೆ ಗೇಣಿಗೊಂದರಂತೆ ಉದ್ದ ಹೊಲಿಗೆಯ ಸಾಲು. ಪದರಗಳೊಳಗಿನ ಸುಕ್ಕು ಹೊರಕ್ಕೆ ಹೋಗಲೆಂದು ಈ ಹೊಲಿಗೆ ಒಳಗಿನಿಂದ ಹೊರಕ್ಕೆ. ಬೇಸರದ ಕೆಲಸ, ಆದರೂ ಬಿಡಬೇಡಿ.

7. ನಿಜವಾದ ಹೊಲಿಗೆ ಹೊರಗಿನಿಂದ ಒಳಕ್ಕೆ. ಅಂಚಿನಿಂದ 1 ಸೆಂ.ಮೀ. ಬಿಟ್ಟು ಮೊದಲ ಸುತ್ತು. ಮೊಳದುದ್ದಕ್ಕಿಂತ ಸ್ವಲ್ಪ ಹೆಚ್ಚು ದಾರ ತೆಗೆದುಕೊಂಡು ಮೇಣ ಸವರಿ, ಗಂಟನ್ನು ಪದರಗಳ ನಡುವೆ ಅಡಗಿಸಿ. ಓಡು ಹೊಲಿಗೆ, ಒಂದೊಂದೂ ಜೋಳದ ಕಾಳಿನಷ್ಟು. ಸೂಜಿಗೆ ಮೂರ್ನಾಲ್ಕು ಹೊಲಿಗೆ ಏರಿಸಿ ಒಮ್ಮೆಗೇ ಎಳೆಯಿರಿ. ಕೆಳಗಿನ ಕೈಯ ಬೆರಳಿಗೆ ಸೂಜಿಯ ಮೊನೆ ತಾಗಿದರೆ ಮಾತ್ರ ನಾಲ್ಕೂ ಪದರ ದಾಟಿದೆ ಎಂದು ಅರ್ಥ. ಚೌಕಟ್ಟಿಗೆ ಬಿಗಿಯದೆ ನೆಲದ ಮೇಲೆ ಹಾಸಿ ಹೊಲಿಯುವುದರಿಂದ ಮೊದಲು ಅಂಚು ಹಿಡಿತಕ್ಕೆ ಬರಬೇಕು. ಅದಕ್ಕೇ ಹೊರಸುತ್ತು ಮೊದಲು.

8. ಪ್ರತಿ ಸುತ್ತು ಮುಗಿದಾಗ ಅಂಗೈಯಿಂದ ಬಟ್ಟೆಯನ್ನು ನಡುವಿನ ಕಡೆಗೆ ಸವರಿ. ಹೆಚ್ಚಿನ ಬಟ್ಟೆ ಇದ್ದರೆ ಅದು ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಯುತ್ತದೆ. ಪಟ್ಟಿಗಳ ಜೋಡಣೆಗೆ ಬೇರೆ ಹೊಲಿಗೆ ಬೇಕಿಲ್ಲ, ಸುತ್ತುವ ಸಾಲೇ ಅವನ್ನೂ ಹಿಡಿಯುತ್ತದೆ. ಎಲ್ಲಾದರೂ ಪಟ್ಟಿಯ ಅಂಚು ಬಾಯಿ ಬಿಟ್ಟಿದ್ದರೆ ಅದರ ಗುಂಟ ಒಂದು ಸಾಲು ಸೇರಿಸಿ.

9. ನಡುವಿನ ಅಂಗೈಯಗಲಕ್ಕೆ ಬಂದಾಗ, ಹೊರಗಿನಿಂದ ಸರಿದುಬಂದ ಬಟ್ಟೆಯೆಲ್ಲ ಅಲ್ಲಿ ಉಬ್ಬಿರುತ್ತದೆ. ಅದನ್ನು ಚಿಕ್ಕ ನೆರಿಗೆಯಾಗಿ ಮಡಚಿ ಕೂರಿಸಿ, ಮೇಲೆ ಹತ್ತಿಯ ಹೂವನ್ನೋ ಸೂರ್ಯನನ್ನೋ ಇಟ್ಟು ಹೊಲಿದುಬಿಡಿ. ಚಿತ್ರದ ನಡುಭಾಗವನ್ನು ಖಾಲಿ ಬಿಡಿ ಎಂದದ್ದು ಇದಕ್ಕೇ.

10. ಕಚ್ಚಾ ಹೊಲಿಗೆ ಬಿಚ್ಚಿ. ಸಿದ್ದಿಯರ ಕವಂದಿಗೆ ನಾಲ್ಕು ಮೂಲೆಯಲ್ಲಿ ಮುಕ್ಕೋನವಾಗಿ ಮಡಚಿದ ಬಟ್ಟೆಯ ‘ಫುಲ’ ಇಡುವುದು ಪದ್ಧತಿ, ಅದಿಲ್ಲದಿದ್ದರೆ ಕೆಲಸ ಮುಗಿದಂತಲ್ಲ. ಎತ್ತುವಾಗ, ಕೊಡವುವಾಗ ಕೈ ಮೊದಲು ಹಿಡಿಯುವುದು ಮೂಲೆಯನ್ನೇ ಆದ್ದರಿಂದ ನಿಮ್ಮ ಕೌದಿಯ ಮೂಲೆಗೂ ಒಂದೊಂದು ಹೆಚ್ಚಿನ ಪದರ ಕೊಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ದಾರವನ್ನು ಬಿಗಿ ಎಳೆಯುವುದು. ಗಟ್ಟಿಯಾಗಲೆಂದು ಎಳೆಯುತ್ತೇವೆ, ಆಗುವುದು ನೆರಿಗೆ. ಒಂದು ಮೊಳ ಹೊಲಿದ ಮೇಲೆ ಆ ಸಾಲನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿದರೆ ಹೆಚ್ಚಿನ ಬಿಗಿ ಸಡಿಲವಾಗುತ್ತದೆ.

ಸಾಲುಗಳ ನಡುವೆ ಗೇಣು ಅಂತರ ಬಿಡುವುದು. ಬೇಗ ಮುಗಿಯುತ್ತದೆ, ಆದರೆ ಒಗೆದಾಗ ನಡುಪದರ ಗುಂಪಾಗಿ ಒಂದು ಕಡೆ ಕೂರುತ್ತದೆ. ಸಮಯವಿಲ್ಲದಿದ್ದರೆ ಕೌದಿಯನ್ನೇ ಚಿಕ್ಕದು ಮಾಡಿ, ಅಂತರ ಹೆಚ್ಚಿಸಬೇಡಿ.

ಪಾಲಿಯೆಸ್ಟರ್ ಸೀರೆಯನ್ನು ‘ಒಳಗೆ ಕಾಣುವುದಿಲ್ಲವಲ್ಲ’ ಎಂದು ನಡುಪದರಕ್ಕೆ ಸೇರಿಸುವುದು. ಬೆವರು ಹೀರದು, ಜಾರುತ್ತದೆ, ಬೇಸಿಗೆಯಲ್ಲಿ ಕಾವು ಹಿಡಿದಿಡುತ್ತದೆ. ಪಾಲಿಯೆಸ್ಟರ್ ಸೀರೆ ನಮ್ಮ ಮನೆಗಳಲ್ಲಿ ಈಗ ಹೆಚ್ಚು ಇರುವುದೇ ಹೌದು. ಅದಕ್ಕೆ ಚೀಲ, ಕಾಲೊರೆಸು, ಹಗ್ಗ ಹೊಸೆಯುವುದು, ಪರದೆ, ಹೀಗೆ ಬೇರೆ ದಾರಿ ನೋಡಿ.

ಇಡೀ ಕೌದಿಯನ್ನು ಮಷಿನ್ನಿನಲ್ಲಿ ಹೊಲಿಯುವುದು. ಚೂರುಗಳನ್ನು ಜೋಡಿಸುವುದಕ್ಕೆ ಮಷಿನ್ ಆಗಲಿ, ತಕರಾರಿಲ್ಲ. ಪದರಗಳನ್ನು ಹಿಡಿಯಲು ಒತ್ತಾಗಿ ಓಡಿಸಿದರೆ ಸವೆದ ಎಳೆಗೆ ಸಾಲುಗಟ್ಟಿ ತೂತು ಬೀಳುತ್ತವೆ, ಕೌದಿ ಬಿರುಸಾಗುತ್ತದೆ. ಕೈಹೊಲಿಗೆಯ ದಾರಕ್ಕೆ ಬಟ್ಟೆಯ ಜೊತೆ ಬಾಗುವ ಸಡಿಲ ಇರುತ್ತದೆ.

ಚಿತ್ರ ತುಂಬುವುದು. ಗಿಡ, ಹಕ್ಕಿ, ಗುಡಿ, ಬಂಡಿ ಎಲ್ಲ ಒಂದೇ ಕೌದಿಗೆ ಬಂದರೆ ಯಾವುದೂ ಕಾಣುವುದಿಲ್ಲ, ಪದರ ದಪ್ಪವಾಗಿ ಸೂಜಿಯೂ ಇಳಿಯುವುದಿಲ್ಲ.

ಬಿಳಿ ಧೋತರಕ್ಕೆ ಬಣ್ಣ ಬೇಕಾದರೆ

ಜೋಳಕ್ಕೆ ಬೇಕಾದ ಬಣ್ಣ ಟ್ರಂಕಿನಲ್ಲಿ ಸಿಗದಿದ್ದರೆ ಧೋತರಕ್ಕೆ ಮನೆಯಲ್ಲೇ ಹಳದಿ ಹಾಕಬಹುದು. ಹತ್ತಿಗೆ ಗಿಡಮೂಲದ ಬಣ್ಣ ನೇರವಾಗಿ ಕಟ್ಟುವುದಿಲ್ಲ. ಮೊದಲು ಒಗರು, ಆಮೇಲೆ ಪಟಕ, ಕೊನೆಗೆ ಬಣ್ಣ. ಅರ್ಧ ಕಿಲೊ ಒಣ ಬಟ್ಟೆಗೆ 75 ಗ್ರಾಂ ಅಳಲೆಕಾಯಿ ಪುಡಿ ಕಲಸಿದ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಹಿಂಡಿ. 75 ಗ್ರಾಂ ಪಟಕ ಕರಗಿಸಿದ ಬಿಸಿನೀರಿನಲ್ಲಿ ಮತ್ತೆ ಒಂದು ರಾತ್ರಿ. ನಂತರ ಅರ್ಧ ಕಿಲೊ ಒಣಗಿದ ದಾಳಿಂಬೆ ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲಿ ಒಂದು ತಾಸು ಸಣ್ಣ ಉರಿ. ಮಣ್ಣಿನಂಥ ಹಳದಿ ಬರುತ್ತದೆ. ಅದೇ ನೀರಿಗೆ ಕಬ್ಬಿಣದ ತುಕ್ಕಿನ ನೀರು ಸೇರಿಸಿದರೆ ಬೂದಿ ಬಣ್ಣವಾಗುತ್ತದೆ, ಎರೆಮಣ್ಣಿಗೆ ಚೆಂದ. ಆದರೆ ಕಬ್ಬಿಣ ಹತ್ತಿಯ ಎಳೆಯನ್ನು ಕಾಲಕ್ರಮೇಣ ತಿನ್ನುತ್ತದೆ. ಹಳೆ ಬಟ್ಟೆಗೆ ಹಾಕುವುದಾದರೆ ಹನಿ ಲೆಕ್ಕ ಸಾಕು.

ಎಚ್ಚರಿಕೆ

ಕೂಸಿನ ಕೌದಿಗೆ ಕನ್ನಡಿ, ಕವಡೆ, ಮಣಿ, ಗುಂಡಿ, ಗೆಜ್ಜೆ ಏನೂ ಬೇಡ. ಲಂಬಾಣಿ ಕಸೂತಿಯ ಕನ್ನಡಿ ಚೆಲುವು ಗೋಡೆಯ ಕೌದಿಗಿರಲಿ. ಎಳೆಗೂಸಿಗೆ ಕೌದಿ ಕೆಳಗೆ ಹಾಸಲು ಮಾತ್ರ, ದಪ್ಪ ಕೌದಿಯನ್ನು ಮುಖದವರೆಗೆ ಹೊದಿಸಬಾರದು.

ಪಿನ್ನುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಒಳಗೆ ಉಳಿದ ಒಂದು ಪಿನ್ನು ಸಾಕು.

ಎಳೆ ಸುಡುವ ಪರೀಕ್ಷೆಯನ್ನು ನೀರಿನ ಬಟ್ಟಲು ಪಕ್ಕದಲ್ಲಿಟ್ಟು, ಚಿಮಟದಲ್ಲಿ ಹಿಡಿದು ಮಾಡಿ. ಕರಗಿದ ಪಾಲಿಯೆಸ್ಟರ್ ಹನಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಪಟಕ, ಕಬ್ಬಿಣದ ನೀರು ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ.

ಮಾರುವುದಾದರೆ, ಹೊಲಿಸುವುದಾದರೆ

‘ಹಳೆ ಅರಿವೆ ತಾನೆ’ ಎನ್ನುವ ಮಾತು ಕೌದಿ ಹೊಲಿಯುವವರ ಕೂಲಿಯನ್ನು ತಲೆಮಾರುಗಳಿಂದ ತಿಂದಿದೆ. ಬಟ್ಟೆಗೆ ಬೆಲೆಯಿಲ್ಲದಿರಬಹುದು, ಕೌದಿಯ ಬೆಲೆ ಇರುವುದು ಹೊಲಿಗೆಯಲ್ಲಿ. ಲೆಕ್ಕ ಹೀಗೆ ಹಾಕಿ: ಒಂದು ಮೀಟರ್ ಸಾಲು ಹೊಲಿಯಲು ನಿಮಗೆ ಎಷ್ಟು ನಿಮಿಷ ಹಿಡಿಯುತ್ತದೆ ನೋಡಿ. 6 ನಿಮಿಷವಾದರೆ ಚಿಕ್ಕ ಕೌದಿಗೆ ಹೊಲಿಗೆಯೇ 4 ತಾಸು, ದೊಡ್ಡದಕ್ಕೆ 14 ತಾಸು. ಬಟ್ಟೆ ಆರಿಸಿ ಒಗೆದು, ಪಟ್ಟಿ ಹರಿದು, ಕಚ್ಚಾ ಹೊಲಿಗೆ ಹಾಕಿದ ಸಮಯವನ್ನು ಇದಕ್ಕೆ ಕೂಡಿಸಿ. ನಿಮ್ಮೂರಿನ ಒಂದು ದಿನದ ಕೂಲಿಯನ್ನು 8 ತಾಸಿನಿಂದ ಭಾಗಿಸಿ, ಈ ಒಟ್ಟು ತಾಸುಗಳಿಂದ ಗುಣಿಸಿ. ಬರುವ ಮೊತ್ತಕ್ಕೆ ದಾರದ ಖರ್ಚು ಸೇರಿಸಿದರೆ ಅದು ಕನಿಷ್ಠ ಬೆಲೆ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಚಿತ್ರ ನಿಮ್ಮ ಸ್ವಂತದ್ದಾದರೆ ಅದಕ್ಕೆ ಬೇರೆ.

ಬೇರೆಯವರಿಂದ ಹೊಲಿಸಿ ಮಾರುವವರು ಇದೇ ಲೆಕ್ಕದಲ್ಲಿ ಕೂಲಿ ಕೊಡಬೇಕು. ಹೊಲಿದವರು ಒಪ್ಪಿದರೆ ಅವರ ಹೆಸರನ್ನೂ ಊರನ್ನೂ ಕೌದಿಯ ಹಿಂಬದಿಯಲ್ಲಿ ದಾರದಿಂದಲೇ ಬರೆಸಿ. ಚಿತ್ರ ಬರೆದವರು ಮೂಲೆಯಲ್ಲಿ ಸಹಿ ಹಾಕುತ್ತಾರೆ, ಇವರಿಗೂ ಆ ಹಕ್ಕಿದೆ.

ಒಗೆತ, ದುರಸ್ತಿ

ಮೊದಲ ಮೂರು ಒಗೆತ ಬೇರೆಯಾಗಿ, ತಣ್ಣೀರಿನಲ್ಲಿ, ಕಡಿಮೆ ಸೋಪಿನಲ್ಲಿ. ಬಂಡೆಗೆ ಬಡಿಯಬೇಡಿ, ಕಾಲಲ್ಲಿ ತುಳಿದರೆ ಕೊಳೆ ಬಿಡುತ್ತದೆ. ಹಿಂಡುವ ಬದಲು ಮಡಚಿ ಒತ್ತಿ ನೀರು ಇಳಿಸಿ. ಒದ್ದೆ ಕೌದಿ ಬಹಳ ಭಾರ, ಒಂದೇ ತಂತಿಗೆ ನೇತುಹಾಕಿದರೆ ಮೇಲಿನ ಸಾಲುಗಳು ಹರಿಯುತ್ತವೆ. ಎರಡು ತಂತಿಯ ಮೇಲೆ ಹರಡಿ, ಇಲ್ಲವೇ ಮಾಳಿಗೆಯ ಮೇಲೆ ಹಾಸಿ, ಚಿತ್ರ ಕೆಳಗಾಗುವಂತೆ. ಪೂರ್ತಿ ಒಣಗಿದ ಮೇಲೆ ಬೇವಿನ ಒಣ ಎಲೆಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ನಡುವೆ ಇಟ್ಟು ಮಡಚಿಡಿ.

ವರ್ಷಕ್ಕೊಮ್ಮೆ, ಮಾನವಮಿಯ ಒಗೆತಕ್ಕೆ ಮುಂಚೆ, ಕೌದಿಯನ್ನು ಬಿಡಿಸಿ ನೋಡಿ. ದಾರ ಹರಿದ ಕಡೆ ಎರಡೂ ಬದಿಗೆ ನಾಲ್ಕು ಬೆರಳು ಹೆಚ್ಚಿಗೆ ಸೇರಿಸಿ ಮತ್ತೆ ಹೊಲಿಯಿರಿ. ಮೇಲಿನ ಪಟ್ಟಿ ಸವೆದಿದ್ದರೆ ಅದನ್ನು ಬಿಚ್ಚಬೇಡಿ. ಅದರ ಮೇಲೆಯೇ ಹೊಸ ಚೂರು ಇಟ್ಟು, ಅಂಚು ಮಡಚಿ, ಹಳೆ ಸಾಲಿನ ಗುಂಟವೇ ಸೂಜಿ ಓಡಿಸಿ. ಒಗೆತ ಆಮೇಲೆ: ಬಿಟ್ಟ ಬಾಯಿಯನ್ನು ಹೊಲಿಯದೆ ನೀರಿಗೆ ಹಾಕಿದರೆ ಬೆರಳುದ್ದದ ಹರಿಕು ಗೇಣುದ್ದವಾಗಿ ಬರುತ್ತದೆ.